ಲಿನ್ ಅವರ ಒಳಗಿನ ಬೆಂಕಿ

ಮನುಷ್ಯನ ಮೈಯೊಳಗೂ ಬೆಂಕಿ ಬೀಳುತ್ತದೆಂದು ನನಗೆ ಮೊದಲು ಹೇಳಿದ್ದು ಚೀನಾದ ಲಿನ್ ಅವರ ಫೋನು. ಮಳವಳ್ಳಿ ಹತ್ತಿರದ ನಮ್ಮ ರೇಷ್ಮೆ ನೂಲಿನ ಘಟಕಕ್ಕೆ ಹೊಸ ಯಂತ್ರ ಕೂರಿಸಲು ಬಂದಿದ್ದರು. ಅವರು ಚೀನಿಯಲ್ಲಿ ಹೇಳಿದ್ದನ್ನು ಫೋನು ಕನ್ನಡದಲ್ಲಿ ಕೂಗುತ್ತಿತ್ತು. ಆ ಮಧ್ಯಾಹ್ನ ಊಟದ ತಟ್ಟೆ ತಳ್ಳಿ ಏನೋ ಗೊಣಗಿದರು.

"ಒಳಗೆ ಬೆಂಕಿ ಬಿದ್ದಿದೆ!" ಎಂದಿತು ಫೋನು.

ನನ್ನ ಜೀವವೇ ಹಾರಿಹೋಯಿತು. ಮರುದಿನ ಯಂತ್ರದ ಉದ್ಘಾಟನೆ! ಕಿರುಚುತ್ತಾ ಯಂತ್ರದ ಕೋಣೆಗೆ ಓಡಿದೆ. ಮೆಕ್ಯಾನಿಕ್ ಸಿದ್ದ ಆಗಲೇ ಬಕೆಟ್ ಎತ್ತಿದ್ದ, ಯಂತ್ರದ ಮೇಲೆ ನೀರು ಸುರಿಯುವುದೊಂದೇ ಬಾಕಿ.

"ಎಲ್ಲಿ ಅಕ್ಕಾ ಬೆಂಕಿ? ಒಗೆನೇ ಇಲ್ವಲ್ಲ!"

ಹಿಂದೆಯೇ ಬಂದ ಲಿನ್ ಬಾಯಿ ತೆರೆದು ತೋರಿಸಿದರು. ಬಾಯಿ ತುಂಬ ಹುಣ್ಣು.

ಅಡುಗೆಯ ಗೌರಮ್ಮ ಇಣುಕಿ ನೋಡಿದಳು. "ಬೆಂಕಿ ಅಲ್ಲ ಕಣಮ್ಮ, ಮೈ ಈಟು! ದಿನಾ ಕೋಳಿ ಸಾರು, ಉರುಳಿಕಾಳು ಸಾರು ಉಂಡ್ರೆ ಇನ್ನೇನಾದದು?" ಬಡಿಸಿದವಳೂ ಅವಳೇ.

ಸಂಜೆ ಹೆಸರುಕಾಳು ಬೇಯಿಸಿ ಕೊಟ್ಟಳು. ಬಟ್ಟಲು ನೋಡಿ ಲಿನ್ ದಂಗಾದರು. ಫೋನು ಹೇಳಿತು: "ನಮ್ಮ ಹಳೆಯ ವೈದ್ಯದಲ್ಲೂ ಒಳಗಿನ ಬೆಂಕಿಗೆ ತಂಪು ತಿನ್ನಬೇಕು. ನನ್ನ ಅಮ್ಮನೂ ಇದನ್ನೇ ಬೇಯಿಸುತ್ತಾರೆ."

ಗೌರಮ್ಮನ ಸೌಟು ಅಲ್ಲೇ ನಿಂತಿತು. "ಅಂಗಾರೆ ಇವರಮ್ಮ ಯಾವೂರೋರು ಕಣಮ್ಮ?"

ಚೀನಿ ಬಲ್ಲವರು ಯಾರಾದರೂ ಸಿಕ್ಕರೆ ದಯವಿಟ್ಟು ಅವರಿಗೆ ತಿಳಿಸಿ: ಅದಕ್ಕೆ ಅಚ್ಚಗನ್ನಡದಲ್ಲಿ ಬೆಂಕಿ ಅನ್ನುವುದಿಲ್ಲ, ಈಟು ಅನ್ನುತ್ತಾರೆ.