ವಿಭೂತಿ ಗಟ್ಟಿ

ಆದೋನಿಯ ಹತ್ತಿ ವ್ಯಾಪಾರಿ ಮರಿಬಸಪ್ಪನ ಹೆಂಡತಿ ಬಸಲಿಂಗಮ್ಮ ಸುಲಭಕ್ಕೆ ಸೊಸೆಯನ್ನು ಹೊಗಳುವ ಹೆಂಗಸಲ್ಲ. ಆದರೂ ಐವತ್ತಾರನೇ ಇಸವಿಯಲ್ಲಿ ಬಾವಿಕಟ್ಟೆಯ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು: "ನಮ್ಮ ಹೂವಮ್ಮಗ ಶಿವನ ಮ್ಯಾಲೆ ಭಾಳ ಭಕ್ತಿ ಐತಿ. ವಾರಕ್ಕೊಂದು ವಿಭೂತಿ ಗಟ್ಟಿ ಸವೆಸ್ತಾಳ." ಗಟ್ಟಿ ಕರಗಿದಂತೆಲ್ಲ ತಾನೇ ಹೊಸದು ತರಿಸಿಡುತ್ತಿದ್ದಳು.

ಚಿಂತೆಯಿದ್ದದ್ದು ಸೊಸೆಯ ಮೈಯದು. ಹೆರಿಗೆಯಾಗಿ ಆರು ತಿಂಗಳಾದರೂ ಹೂವಮ್ಮನ ಮುಖ ಬಿಳಿಚಿಕೊಂಡೇ ಇತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಲೇಡಿ ಡಾಕ್ಟರು ಕೊಟ್ಟ ಕಬ್ಬಿಣದ ಗುಳಿಗೆಯನ್ನು ಬಸಲಿಂಗಮ್ಮ ದಿನಾ ಎದುರಿಗೆ ನಿಂತು ನುಂಗಿಸುತ್ತಿದ್ದಳು. ನುಂಗಿದವಳು ನೇರ ದೇವರ ಮನೆಗೆ ಹೋಗುತ್ತಿದ್ದಳು. ಎರಡು ತಿಂಗಳಾದರೂ ಗುಣ ಕಾಣಲಿಲ್ಲ. ಬಸಲಿಂಗಮ್ಮ ಸೊಸೆಯನ್ನು ಕರೆದುಕೊಂಡು ಹೋಗಿ, "ನಿಮ್ಮ ಗುಳಿಗಿಗೆ ಬರೇ ಬಣ್ಣ ಐತಿ ನೋಡ್ರಿ" ಎಂದು ಡಾಕ್ಟರ ಜತೆ ಜಗಳಕ್ಕೇ ನಿಂತಳು.

ಡಾಕ್ಟರು ಹೂವಮ್ಮನತ್ತ ತಿರುಗಿದರು. "ಗುಳಿಗಿ ನುಂಗಿದ ಮ್ಯಾಲೆ ಏನು ತಿಂತಿ, ಅಮ್ಮಾಯಿ?"

ಹೂವಮ್ಮ ತಲೆ ತಗ್ಗಿಸಿದಳು. "ಬಾಯಿ ಒಗರಾಗ್ತೈತ್ರಿ... ವಿಭೂತಿ ಕಡೀತೀನಿ. ತಡಕೊಳ್ಳಾಕ ಆಗಂಗಿಲ್ರಿ."

"ಮಣ್ಣು, ಬೂದಿ ತಿನ್ನೋ ಆಸಿ ರಕ್ತ ಕಮ್ಮಿ ಆದೋರಿಗೆ ಬರ್ತೈತಿ" ಎಂದರು ಡಾಕ್ಟರು ಬಸಲಿಂಗಮ್ಮನಿಗೆ. "ಆದ್ರ ಆ ಬೂದಿ ಗುಳಿಗಿಯ ಸತ್ವ ಮೈಗೆ ಹತ್ತಗೊಡಂಗಿಲ್ಲ. ಮೊದ್ಲು ಅದನ್ನ ಬಿಡಿಸ್ರಿ. ಬೈಬ್ಯಾಡ್ರಿ."

ಮನೆಗೆ ಬಂದವಳೇ ಬಸಲಿಂಗಮ್ಮ ದೇವರ ಮುಂದೆ ಕೂತಳು. ದಿನಾ ಕಣ್ಣು ಮುಚ್ಚಿಕೊಂಡು ಹಣೆಗೆ ಬಳಿದುಕೊಳ್ಳುತ್ತಿದ್ದ ಗಟ್ಟಿಯನ್ನು ಅಂದು ಬೆಳಕಿಗೆ ಹಿಡಿದು ತಿರುಗಿಸಿದಳು. ಅಂಚಿನ ತುಂಬ ಸಣ್ಣ ಸಣ್ಣ ಹಲ್ಲಿನ ಗುರುತುಗಳಿದ್ದವು.