ಬೆಳಗಾವಿಯೊಳಗ ಸಿಕ್ಕ ದಾಖಲೆ

ಕಚೇರಿಗೆ ಮಂದಿ ಏನೇನೋ ಕಾಗದ ಕೇಳಾಕ ಹೋಗ್ತಾರ. ಮಾಯಕ್ಕ ಹೋಗಿದ್ದು ಕಾಗದ ಇಲ್ಲ ಅಂತ ಬರಸ್ಕೊಂಡು ಬರಾಕ. ಗಂಡ ಬಾಳೇಶ ಸತ್ತದ್ದು ನಮ್ಮ ಪುಸ್ತಕದಾಗ ಎಲ್ಲೂ ಇಲ್ಲ ಅಂತ ಸಾಹೇಬ್ರು ಸಹಿ ಮಾಡಿ ಕೊಡಬೇಕಿತ್ತು. ಕೇಳಿದವರಿಗೆ ಹುಚ್ಚು ಅನಸ್ತದ, ಆದ್ರ ಸರ್ಕಾರದ ದಾರಿನ ಹಂಗ, ಯಾರೇನು ಮಾಡಾಕ ಬರ್ತದ.

ಆಕಿ ಊರು ಕಣಕುಂಬಿ ಬಾಜೂಕ, ಅಡವಿಯೊಳಗಿನ ಇಪ್ಪತ್ತು ಮನಿ ವಾಡಿ. ಸಾಲ್ಯಾಗ ಬಿಸಿಯೂಟದ ಅಡಗಿ ಮಾಡತಿದ್ಲು. ಹೋದ ಮಳಿಗಾಲದಾಗ ಮನಿ ಪಡುವಲ ಗ್ವಾಡಿ ಕುಸದು ಬಿತ್ತು. ಅವತ್ತಿನಿಂದ ಆಕಿ, ಆಕಿ ಅತ್ತಿ ಕಾಶವ್ವ, ಇಬ್ರೂ ತಾಡಪತ್ರಿ ಮರಿಗೆ ಮಲಗತಿದ್ರು. ಸರ್ಕಾರದಿಂದ ಗ್ವಾಡಿ ಕಟ್ಟಿಸ್ಕೋಬೇಕಂದ್ರ ಮನಿ ಉತಾರದಾಗ, ಅಂದ್ರ ಮನಿ ಯಾರದು ಅಂತ ಬರದ ಕಾಗದದಾಗ, ಜೀವಂತ ಇದ್ದವರ ಹೆಸರು ಇರಬೇಕು. ಬಾಳೇಶನ ಹೆಸರು ತಗದು ಮಾಯಕ್ಕನ ಹೆಸರು ಹಚ್ಚಾಕ ಪಂಚಾಯ್ತಿಯವರು ಅವನ ಮರಣ ದಾಖಲೆ ಕೇಳಿದ್ರು. ಊರ ದಾಖಲೆ ಬರಿಯೋ ತಲಾಟಿ ತನ್ನ ರಜಿಸ್ಟರ್ ತಗದು ಎರಡು ಸಲ ನೋಡಿದ.

"ಯಾರೂ ಬಂದು ಹೇಳೇ ಇಲ್ಲಲ್ಲವಾ," ಅಂದ. "ಮನ್ಯಾಗ ಸತ್ರ ಇಪ್ಪತ್ತೊಂದು ದಿನದಾಗ ಬಂದು ಬರಸಬೇಕು. ಈಗ ವರ್ಷದ ಮ್ಯಾಲ ಆಗೇತಿ, ಖಾನಾಪುರಕ್ಕ ಹೋಗ್ರಿ."

ಬರಸ್ತೀನಿ ಅಂತ ಒಪ್ಕೊಂಡಿದ್ದಾವ ಮೈದುನ ಲಕ್ಷ್ಮಣ. ಖಾನಾಪುರದ ಬಾಜಾರದಾಗ ಟೆಂಪೋ ಹೊಡಿಯೋ ಮನಷಾ, ದಿನಾ ಕಚೇರಿ ಮುಂದಿಂದನ ಹಾಯತಿದ್ದ. ಕೇಳಿದಾಗೆಲ್ಲಾ "ಮಾಡೂಣು ವೈನಿ, ಗಡಬಡಿ ಏನೈತಿ" ಅಂತ ದಿನಾ ದೂಡಿದ. ಗ್ವಾಡಿ ಬಿದ್ದ ಮ್ಯಾಲೂ ಅದನ್ನ ಅಂದ. ಮಾಯಕ್ಕಗ ಸಿಟ್ಟು ಬಂದು, ಮೇ ತಿಂಗಳ ಸಾಲಿ ಸೂಟಿಯೊಳಗ ತಾನ ಹೊಂಟ್ಲು.

ಆಕಿಗೆ ಗಂಡನ ಸಾವಿನ ಬಗ್ಗೆ ಯಾವ ಸಂಶೇನೂ ಇರಲಿಲ್ಲ. ಕಣ್ಣಾರೆ ಕಂಡದ್ದಲ್ಲ? ಆ ವಾಡ್ಯಾಗ ಒಂದು ಕಟ್ಟಳಿ ಐತಿ. ಊರ ಹೊರಗ ಜೀವ ಹೋದವರ ಹೆಣ ಸೀಮಿ ಕಲ್ಲು ದಾಟಿ ಒಳಗ ಬರೂಹಂಗಿಲ್ಲ, ಅಲ್ಲಿಂದ ಸೀದಾ ಸುಡಗಾಡಿಗೆ. ಹೆಂಗಸರು ಸುಡಗಾಡಿಗೆ ಹೋಗೂದಿಲ್ಲ. ಅಂದ್ರ ಕಟಗೊಂಡಾಕಿಗೂ ಹಡದಾಕಿಗೂ ಕಡೀ ಸಲ ಮಾರಿ ನೋಡಾಕ ಸಿಗೂದಿಲ್ಲ. ಅದಕ್ಕ ಡಾಕ್ಟರ್ ಕೈ ಚೆಲ್ಲಿದ್ರು ಅಂತ ತಿಳೀತಲೆ ಉಸಿರು ಇರೂದ್ರಾಗ ಮನಿಗೆ ಕರಕೊಂಡು ಓಡಿ ಬರ್ತಾರ. ದವಾಖಾನಿಯವರು ಬೈತಾರ, ಬೈಲಿ.

ಬಾಳೇಶನ್ನೂ ಹಂಗ ತಂದಿದ್ರು. ಬೆಳಗಾವಿ ದವಾಖಾನ್ಯಾಗ ಹತ್ತು ದಿನ ಮಾಯಕ್ಕನ ಕುಂತಿದ್ಲು. ಅತ್ತಿಗೆ ಜ್ವರ ಅಂತ ಲಕ್ಷ್ಮಣನ್ನ ಕುಂದರಿಸಿ ಒಂದು ರಾತ್ರಿ ಊರಿಗೆ ಬಂದ್ಲು, ಮರದಿನ ಮಧ್ಯಾಹ್ನ ಲಕ್ಷ್ಮಣ ಟೆಂಪೋದಾಗ ಅಣ್ಣನ್ನ ಕರಕೊಂಡು ಬಂದ. ಮಳಿ ಸುರೀತಿತ್ತು. ಕೈಗೆ ಸಲಾಯಿನ್ ಹಚ್ಚಿತ್ತು, ಬಾಟ್ಲಿ ಟೆಂಪೋದ ಸರಳಿಗೆ ಕಟ್ಟಿತ್ತು. ಸೀಮಿ ಕಲ್ಲಿನ ಹತ್ರ ಹಿರ್ಯಾರು ಇಣಿಕಿ ನೋಡಿ, ಜೀವ ಐತಿ, ಬಿಡ್ರಿ ಅಂದ್ರು. ಪಡಸಾಲ್ಯಾಗ ಮಲಗಿಸಿದ್ರು. ಮಾಯಕ್ಕ ತೊಡಿ ಮ್ಯಾಲ ತಲಿ ಇಟಗೊಂಡು, ಎರಡು ಚಮಚಿ ನೀರು ಹಾಕಿದ್ಲು. ಅರ್ಧ ತಾಸು ಮಾತಾಡಿದ್ಲು. ಎಮ್ಮಿ ಈದೈತಿ ಅಂದ್ಲು, ನಿಮ್ಮನ್ನ ಬಿಟ್ಟು ಬಂದದ್ದು ತಪ್ಪಾತು ಅಂದ್ಲು. ಆಮ್ಯಾಲ ಲಕ್ಷ್ಮಣ ತಾನ ಅಣ್ಣನ ಮೂಗಿನ ಹತ್ರ ಬೆರಳು ಹಿಡದು ನೋಡಿ, ಹೋದ ವೈನಿ, ಅಂದ.

ಮುಂದ ಎರಡು ವರ್ಷ ಆಕಿ ಆ ಅರ್ಧ ತಾಸಿನ ಮ್ಯಾಲ ಬದುಕಿದ್ಲು ಅಂದ್ರ ಸುಳ್ಳಲ್ಲ. ಒಂದು ರಾತ್ರಿ ಬಿಟ್ಟು ಬಂದದ್ದಕ್ಕ ಎದಿ ಸುಡತಿತ್ತು. ನನ್ನ ಕೈಯಾಗ ನೀರು ಕುಡದು ಹೋದ್ರು ಅಂತ ಅನಕೊಂಡಾಗ ತಣ್ಣಗಾಗತಿತ್ತು. ಕಾಶವ್ವನೂ ಅಷ್ಟ. ಮನಿಗೆ ಯಾರು ಬಂದ್ರೂ, "ನನ್ನ ಮಗ ಮನಿಗೆ ಬಂದು ಜೀವ ಬಿಟ್ಟ, ಹೆಂಡ್ತಿ ಕೈಲೆ ನೀರು ಕುಡದ," ಅಂತ ಹೇಳಿನ ಚಾ ಕೊಡಾಕಿ.

ಖಾನಾಪುರದಾಗ ತಹಶೀಲ್ದಾರ್ ಕಚೇರಿ ಮುಂದ ಅಲ್ಲಾಭಕ್ಷ ಅಂತ ಒಬ್ಬ ಅರ್ಜಿ ಬರಿಯಾವ ಕುಂದರತಾನ. ಮುದುಕ, ಮರಾಠಿಯವರಿಗೆ ಮರಾಠಿ, ಕನ್ನಡದವರಿಗೆ ಕನ್ನಡ, ಕಚೇರಿಯವರಿಗೆ ಕಚೇರಿ ಭಾಷಾ. ಯಾವ ಕಾಗದ ಯಾವ ಖೋಲ್ಯಾಗ ಐತಿ ಅಂತ ಒಳಗಿನ ಗುಮಾಸ್ತರಿಗಿಂತ ಅವಗ ಹೆಚ್ಚು ಗೊತ್ತು.

"ಕುಂದರವಾ," ಅಂದ. "ವರ್ಷ ದಾಟಿದ್ರ ಸಾಹೇಬ್ರ ಆರ್ಡರ್ ಬೇಕಾಗ್ತದ. ಅದಕ್ಕ ಮೊದಲ ಪುಸ್ತಕದಾಗ ಹೆಸರು ಇಲ್ಲ ಅಂತ ಕಾಗದ ಹಚ್ಚಬೇಕು. ತಲಾಟಿದು ತಂದೀಯೇನ?"

"ತಂದೀನ್ರೀ."

"ಕಡೀಕ ಯಾವ ಊರ ದವಾಖಾನ್ಯಾಗ ಇದ್ರು?"

"ಬೆಳಗಾವ್ಯಾಗ್ರೀ. ಆದ್ರ ಸತ್ತದ್ದು ಮನ್ಯಾಗ."

"ಇರಲಿ. ಬೆಳಗಾವಿ ಪಾಲಿಕೆಯಿಂದನೂ ಇಲ್ಲ ಅಂತ ಒಂದು ತಗೊಂಡು ಬಾ. ಇಲ್ಲಾಂದ್ರ ನಾಳೆ ಅದನ್ನ ಕೇಳಿ ಹೊಳ್ಳಿ ಕಳಸ್ತಾರ. ಹೆಸರು, ಅಪ್ಪನ ಹೆಸರು, ತಾರೀಖು, ಮೂರು ಸರಿಯಾಗಿ ಹೇಳು, ಹುಡುಕಾಕ ಅಷ್ಟ ಸಾಕು."

ಹಂಗಂತ ಆಕಿ ಸೋಮವಾರ ಬೆಳಗಾವಿ ಬಸ್ ಹತ್ತಿದ್ಲು. ಪಾಲಿಕೆಯ ಜನನ ಮರಣ ವಿಭಾಗದಾಗ ಹತ್ತೂವರಿಗೆ ಪಾಳಿ ಹಚ್ಚಿದ್ರ ಹನ್ನೆರಡಕ್ಕ ಆಕಿ ಪಾಳಿ ಬಂತು. ಕಿಡಕಿ ಒಳಗ ಪ್ರಮಿಳಾ ಅಂತ ಹೆಣ್ಣಮಗಳು ಕುಂತಿದ್ಲು. ಅರ್ಜಿ ಓದಿ, ಕಂಪ್ಯೂಟರದಾಗ ಹೆಸರು ಹೊಡದ್ಲು. ಒಂದು ಸಲ ಪರದೆ ನೋಡಿದ್ಲು, ಒಂದು ಸಲ ಅರ್ಜಿ.

"ಅಕ್ಕಾರ, ನೀವು ಇಲ್ಲ ಅಂತ ಯಾಕ ಕೇಳ್ತೀರಿ? ನಿಮ್ದು ಐತಲ್ರೀ."

"ಇಲ್ಲರೀ, ಬ್ಯಾರೆ ಯಾರದೋ ಇರಬೇಕು."

"ಬಾಳೇಶ, ತಂದಿ ನಾಗಲಿಂಗ, ತಾಯಿ ಕಾಶವ್ವ, ಕಣಕುಂಬಿ. ಹೌದಲ್ಲ? ದವಾಖಾನಿಯವರ ಅವತ್ತ ಬರಸ್ಯಾರ. ಆರ್ಡರೂ ಬ್ಯಾಡ, ಏನೂ ಬ್ಯಾಡ. ನಿಮ್ಮ ಕೆಲಸ ಇವತ್ತ ಮುಗೀತು ನೋಡ್ರಿ." ಒಳ್ಳೇ ಸುದ್ದಿ ಹೇಳಿದ ಖುಷಿಯೊಳಗ ಪ್ರಮಿಳಾ ಮರಣ ದಾಖಲೆ ಛಾಪಿಸಿ ಕೊಟ್ಟ ಬಿಟ್ಲು. ಪಾಪ, ಆಕಿದೇನು ತಪ್ಪು.

ಮಾಯಕ್ಕ ಹೊರಗ ಬಂದು ಕಂಪೌಂಡ್ ಕಟ್ಟಿ ಮ್ಯಾಲ ಕುಂತು ಓದಿದ್ಲು. ಹೆಸರು ಸರಿ ಇತ್ತು. ತಾರೀಖು ಸರಿ ಇತ್ತು. ಮರಣ ಹೊಂದಿದ ಸ್ಥಳ ಅಂತ ಇದ್ದಲ್ಲಿ ದವಾಖಾನಿ ಹೆಸರು ಇತ್ತು, ಬೆಳಗಾವಿ ಅಂತ ಇತ್ತು. ತಪ್ಪು ಬರದಾರ ಅಂತ ಮೊದಲ ಅನಸ್ತು. ಎದ್ದು ಕಿಡಕಿ ತನಕ ಹೋದ್ಲು, ತಿದ್ದಿ ಕೊಡ್ರಿ ಅನ್ನಾಕ. ಅಷ್ಟರಾಗ ಆ ದಿನದ ಗಂಡನ ಕೈ ನೆನಪಾತು. ಐಸಿನಂಥಾ ಕೈ. ಯಾಕ ಲಕ್ಷ್ಮಣ ಇಷ್ಟ ತಣ್ಣಗ, ಅಂತ ಕೇಳಿದ್ಕ ಅವ, "ಸಲಾಯಿನ್ ಹಚ್ಚಿದ್ರ ಹಂಗ ಆಗ್ತದ ವೈನಿ," ಅಂದಿದ್ದ. ಮಾಯಕ್ಕ ಕಿಡಕಿಯಿಂದ ಹೊಳ್ಳಿ ಬಂದ್ಲು.

ಲಕ್ಷ್ಮಣ ಖಾನಾಪುರ ಬಸ್ ಸ್ಟ್ಯಾಂಡಿನ ಬಾಜೂಕ ಟೆಂಪೋ ನಿಲ್ಲಿಸಿ ಕಾಯತಿದ್ದ, ಊರಿಗೆ ಕರಕೊಂಡು ಹೋಗಾಕ. ಆಕಿ ಹತ್ತಿ ಕುಂತು ಕಾಗದ ಅವನ ತೊಡಿ ಮ್ಯಾಲ ಇಟ್ಲು. ಅವ ಓದಾಕನೂ ಹೋಗಲಿಲ್ಲ. ಸ್ಟೇರಿಂಗ್ ಹಿಡದು ಹೇಳಾಕ ಹತ್ತಿದ.

"ಅಣ್ಣ ಹನ್ನೊಂದಕ್ಕ ದವಾಖಾನ್ಯಾಗನ ಹೋದ ವೈನಿ. ನಾ ಚಾ ತರಾಕ ಹೋಗಿದ್ನಿ, ಬರೂದ್ರಾಗ ಆಗಿತ್ತು."

"ಮತ್ತ ಸಲಾಯಿನ್?"

"ವಾರ್ಡಿನ್ಯಾಗ ಖಾಲಿ ಬಾಟ್ಲಿ ಬಿದ್ದಿತ್ತು. ನೀರು ತುಂಬಿಸಿ ಕಟ್ಟಿದ್ನಿ. ಹೆಣ ಅಂದಿದ್ರ ಸೀಮಿ ಕಲ್ಲಿನ ಹತ್ರ ತಡೀತಿದ್ರು. ಅವ್ವ ಮಾರಿ ನೋಡತಿರಲಿಲ್ಲ. ನೀ ನೋಡತಿರಲಿಲ್ಲ. ನಾ ಏನು ಮಾಡಬೇಕಿತ್ತು, ನೀನ ಹೇಳು."

"ನಾ ಬಾಯಾಗ ನೀರು ಹಾಕಿದ್ನಲ್ಲ."

"ಬಾಯಿ ಬಾಜೂಕ ಹೊಳ್ಳಿ ಬಂತು. ನೀನ ಸೆರಗಿಲೆ ಒರಸಿದಿ."

ಮಾಯಕ್ಕ ಅತ್ತಳೇನು? ಅಳಲಿಲ್ಲ. ಅತ್ತಿದ್ರ ಚಲೋ ಇರತಿತ್ತು. ಗಾಡಿ ಜಾಂಬೋಟಿ ದಾಟೂ ತನಕ ಕಿಡಕಿ ಹೊರಗ ನೋಡ್ಕೊಂಡ ಬಂದ್ಲು. ಆಮ್ಯಾಲ ಕೇಳಿದ್ಲು, "ಹಂಗಾದ್ರ ನಾ ಅರ್ಧ ತಾಸು ಯಾರ ಜೋಡಿ ಮಾತಾಡಿದ್ನಿ?"

ಲಕ್ಷ್ಮಣ ಗಾಡಿ ಹೊಡಕೊಂಡ ಹೋದ. ಅಡವಿ ಶುರು ಆದ ಮ್ಯಾಲ ಅವ ತಾನ ಮಾತು ತಗದ. "ಇದನ್ನ ಪಂಚಾಯ್ತಿಗೆ ಕೊಟ್ರ ಗುರುಸಿದ್ದ ಓದ್ತಾನ." ಗುರುಸಿದ್ದ ಅಂದ್ರ ಪಂಚಾಯ್ತಿ ಸಿಪಾಯಿ, ಅದ ವಾಡಿಯವ, ಅವನ ಹೊಟ್ಯಾಗ ಒಂದು ಮಾತು ನಿಂದರೂದಿಲ್ಲ. "ಸಂಜಿಯೊಳಗ ವಾಡಿ ತುಂಬ ಆಗ್ತದ. ಹೋದ ವರ್ಷ ದನ ಸತ್ತಾವ, ಎರಡು ಮನಿ ಬಿದ್ದಾವ. ಕಟ್ಟಳಿ ಮುರದದ್ದಕ್ಕ ಹಿಂಗಾತು ಅಂತ ಎಲ್ಲಾ ನಮ್ಮ ತಲೀಗೆ ಬರ್ತದ. ನಂದು ಹೋಗಲಿ. ಅವ್ವ ಉಳಿಯೂದಿಲ್ಲ ವೈನಿ."

"ಕೊಡೂದಿಲ್ಲ."

"ಗ್ವಾಡಿ?"

"ತಟ್ಟಿ ಕಟ್ಟಿ ಕೊಡು, ಸಾಕು," ಅಂದ್ಲು ಮಾಯಕ್ಕ. ಮಳಿಗಾಲಕ್ಕ ಇನ್ನ ಹದಿನೈದು ದಿನ ಇತ್ತು. ಕಣಕುಂಬಿ ಮಳಿಗೆ ಬಿದಿರ ತಟ್ಟಿ ಎಷ್ಟು ದಿನ ತಡೀತದ ಅಂತ ಇಬ್ರಿಗೂ ಗೊತ್ತಿತ್ತು.

ಮನಿಗೆ ಬಂದ್ರ ಕಾಶವ್ವ ಹೊಸ್ತಿಲದಾಗನ ಕುಂತಿದ್ಲು. ಮುದುಕಿಗೆ ಅಕ್ಷರ ಬರೂದಿಲ್ಲ, ಕಣ್ಣೂ ಮಂಜ. ಸೊಸಿ ಕೈಯಾಗ ಕಾಗದ ಇದ್ದದ್ದು ಮಾತ್ರ ಹೆಂಗೋ ಕಾಣಸ್ತು.

"ಸಿಕ್ತೇನ? ಏನು ಬರದಾರ ಓದು."

ಲಕ್ಷ್ಮಣ ಅಂಗಳದಾಗ ಟೆಂಪೋ ಬಾಗಿಲಾ ಹಿಡದು ನಿಂತಿದ್ದ, ಒಳಗ ಬರಲಿಲ್ಲ. ಮಾಯಕ್ಕ ಅತ್ತಿ ಬಾಜೂಕ ಕುಂತು ಕಾಗದ ಬಿಡಿಸಿದ್ಲು.

"ಹೆಸರು ಬಾಳೇಶ. ತಂದಿ ನಾಗಲಿಂಗ. ತಾಯಿ ಕಾಶವ್ವ."

"ನನ್ನ ಹೆಸರೂ ಐತಿ?"

"ಐತಿ. ಮರಣ ಹೊಂದಿದ ಸ್ಥಳ..." ಅಂದು, ದವಾಖಾನಿ ಹೆಸರಿನ ಮ್ಯಾಲ ಹೆಬ್ಬಟ್ಟು ಇಟ್ಲು. "ಸ್ವಂತ ಮನಿ."

"ಮತ್ತ?"

"ಹೆಂಡ್ತಿ ಕೈಯಾಗ ಎರಡು ಚಮಚಿ ನೀರು ಕುಡದು, ಅಂತ ಬರದಾರ."

ಕಾಶವ್ವ ಕಾಗದ ಇಸ್ಕೊಂಡು ಅಕ್ಷರದ ಮ್ಯಾಲ ಬೆರಳು ಆಡಿಸಿದ್ಲು. "ಸರ್ಕಾರದವರು ಅದನ್ನೂ ಬರೀತಾರೇನ?"

"ಬರೀತಾರ ಅತ್ತಿ," ಅಂದ್ಲು ಮಾಯಕ್ಕ.