ಅಜ್ಜಿಯ ಬೆನ್ನು ಕೆತ್ತಿದ ಹಲಗೆ

ನಮ್ಮ ಚಿಕ್ಕಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಮದುವೆ ಬೇಡವೆಂದು ಅಜ್ಜಿಯ ಜೊತೆಗೇ ಉಳಿದವಳು. ಶಾಲೆಯಿಂದ ಬಂದವಳೇ ಊಟದ ಮೇಜಿನ ಮೇಲೆ ಹಲಗೆ ಇಟ್ಟುಕೊಂಡು ಉಳಿ ಹಿಡಿಯುತ್ತಿದ್ದಳು. ಮರದಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಅಚ್ಚು ಒತ್ತುವುದು ಅವಳ ಹುಚ್ಚು. ಈ ಮನೇಲಿ ತಟ್ಟೆ ಇಡೋಕೂ ಮರದ ಚೂರಿನ ಅಪ್ಪಣೆ ಬೇಕು ಅಂತ ಅಜ್ಜಿ ಗೊಣಗುತ್ತಿದ್ದಳು.

ಅಚ್ಚೊತ್ತುವ ಪ್ರೆಸ್ಸು ಇದ್ದದ್ದು ಅವಳಿಗೆ ಚಿತ್ರಕಲೆ ಕಲಿಸಿದ ಮೇಷ್ಟ್ರ ಸ್ಟುಡಿಯೋದಲ್ಲಿ. ಅವರ ಹಳೆಯ ಶಿಷ್ಯರ ಗುಂಪೊಂದು ಅದನ್ನು ಬಳಸುತ್ತಿತ್ತು. ಚಿಕ್ಕಮ್ಮನೂ ಅದರಲ್ಲಿದ್ದಳು. ಮೇಷ್ಟ್ರ ಮಾತಿಗೆ ಅಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ತಲೆಗೆ ನೀರು ಹಾಕಿಕೊಂಡ ಅಜ್ಜಿ ಬೆನ್ನು ತಿರುಗಿಸಿ ಕೂತು ಕೂದಲು ಒಣಗಿಸುವುದನ್ನು ಚಿಕ್ಕಮ್ಮ ದೊಡ್ಡ ಹಲಗೆಯಲ್ಲಿ ಕೆತ್ತಿದಳು. ಅಚ್ಚು ತೆಗೆಯಲೆಂದು ಸ್ಟುಡಿಯೋಗೆ ಸಾಗಿಸಿದ ವಾರವೇ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಳು. ಆಮೇಲೆ ಚಿಕ್ಕಮ್ಮನಿಗೆ ಎತ್ತುವುದು, ಮೈ ಒರೆಸುವುದು, ಮದ್ದು ಕುಡಿಸುವುದು, ಇಷ್ಟೇ. ಅಜ್ಜಿ ತೀರಿಕೊಂಡಾಗ ಗುಂಪಿನವರೊಬ್ಬರೂ ಇತ್ತ ತಲೆ ಹಾಕಲಿಲ್ಲ. ಅವರ ಪ್ರದರ್ಶನದ ಸುದ್ದಿ ಫೋನಿಗೆ ಬಂತು. ಅದರಲ್ಲಿ ಇವಳ ಹೆಸರಿರಲಿಲ್ಲ.

ಆದರೂ ನನ್ನನ್ನು ಕರೆದುಕೊಂಡು ನೋಡಲು ಹೋದಳು. ಹಾಲ್‌ನ ತುಂಬ ಜನ. ತಾಮ್ರದ ತಗಡಿನಿಂದ ತೆಗೆದ ಅಚ್ಚು, ಕಲ್ಲಿನಿಂದ ತೆಗೆದ ಅಚ್ಚು, ಬಗೆಬಗೆಯವು. ಎದುರುಗೋಡೆಯ ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, ಅಜ್ಜಿಯ ಬೆನ್ನು. ಕೆಳಗೆ ಮೇಷ್ಟ್ರ ಸಹಿ.

ಚಿಕ್ಕಮ್ಮನ ಮುಖ ಕೆಂಪಾಯಿತು. ನೆಟ್ಟಗೆ ಅವರ ಬಳಿ ಹೋಗಿ, ಇದೇನು ಎಂದು ಕೇಳಿದಳು. ಮೇಷ್ಟ್ರು ಅವಳ ಹೆಗಲ ಮೇಲೆ ಕೈಯಿಟ್ಟು, ಹಲಗೆ ಸುಮ್ಮನೆ ಬಿದ್ದಿತ್ತು, ಕಾಗದ ನನ್ನದು, ಬಣ್ಣ ನನ್ನದು, ಒತ್ತಿದ ಕೈ ನನ್ನದು ಎಂದು ಸಮಾಧಾನದ ದನಿಯಲ್ಲಿ ವಿವರಿಸಿದರು.

"ನೀನು ಕೊಟ್ಟಿದ್ದು ಬರೀ ಹಲಗೆ ಕಣಮ್ಮ. ಅದನ್ನ ಕಲೆ ಮಾಡಿದ್ದು ನಾನು."

ಚಿಕ್ಕಮ್ಮ ಆ ಕೈಯನ್ನು ಕೊಡವಿ ಹಾಕಿದಳು. "ಅದು ಹಲಗೆ ಅಲ್ಲ ಸರ್, ನಮ್ಮಮ್ಮ. ಅವಳು ನರಳ್ತಾ ಮಲಗಿದ್ದಾಗ ನೀವಿಲ್ಲಿ ಅವಳನ್ನ ಕದ್ದು ಒತ್ತುತ್ತಾ ಇದ್ರಿ."

ಗುಂಪಿನವರೆಲ್ಲ ನೆಲ ನೋಡುತ್ತ ನಿಂತರು. ಕೆತ್ತಿದ ಆ ಹಲಗೆಯನ್ನು ಅವಳು ಸ್ಟುಡಿಯೋಗೆ ತಂದದ್ದನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು.

ಸ್ಟುಡಿಯೋ ಇದ್ದದ್ದು ಹಾಲ್‌ನ ಹಿಂದೆಯೇ. ಅವಳು ಒಳಗೆ ನುಗ್ಗಿ, ಹಲಗೆಯನ್ನು ಮೇಜಿಗೆ ಒರಗಿಸಿ, ಅಗಲ ಉಳಿಯೊಂದನ್ನು ಎತ್ತಿಕೊಂಡಳು. ಹಿಂದೆಯೇ ಓಡಿ ಬಂದ ಮೇಷ್ಟ್ರು, ಇನ್ನೂ ಪ್ರತಿಗಳು ಬೇಕು, ಹಾಳು ಮಾಡಬೇಡ ಎಂದು ಗೋಗರೆದರು. ಅವಳು ಕೇಳಿಸಿಕೊಳ್ಳಲಿಲ್ಲ. ಹೆಗಲಿನಿಂದ ಸೊಂಟದವರೆಗೆ ಆಳವಾಗಿ ಸೀಳಿದಳು. ಇನ್ನು ಯಾರು ಒತ್ತಿದರೂ ಆ ಗೀರು ಮಸಿ ಹಿಡಿಯದೆ ಬಿಳಿಯಾಗಿ ಎದ್ದು ಕಾಣುತ್ತದೆ. ಹಲಗೆಯ ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವಳು. ಹಾಗೇ ಹೊತ್ತುಕೊಂಡು ಮನೆಗೆ ನಡೆದೆವು. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ಅಮ್ಮನ ಬೆನ್ನಿಗೆ ನನ್ನ ಕೈಯಿಂದಲೇ ಗಾಯ ಮಾಡಿಸಿದ್ನಲ್ಲ ಆ ಮನುಷ್ಯ" ಅಂದಳು ಮನೆ ತಲುಪಿದ ಮೇಲೆ.

ಪ್ರದರ್ಶನ ನಿಲ್ಲಲಿಲ್ಲ. ಚಿತ್ರದ ಕೆಳಗಿನ ಚೀಟಿಯಲ್ಲಿ ಇಬ್ಬರ ಹೆಸರೂ ಹಾಕುತ್ತೇವೆ, ರಾಜಿಯಾಗೋಣ ಎಂದು ಗುಂಪಿನವಳೊಬ್ಬಳು ಬಂದಳು. ಚಿಕ್ಕಮ್ಮ ಅವಳನ್ನು ಹೊಸ್ತಿಲಿನ ಆಚೆಯೇ ನಿಲ್ಲಿಸಿ ಬಾಗಿಲು ಹಾಕಿದಳು.

ಈಗ ಅವಳಿಗೆ ಯಾರ ಪ್ರೆಸ್ಸೂ ಬೇಡ. ಕಾಗದವನ್ನು ಮಸಿ ಬಳಿದ ಹಲಗೆಯ ಮೇಲೆ ಹಾಸಿ, ಸೌಟಿನ ಬೆನ್ನಿನಿಂದ ಉಜ್ಜಿ ಉಜ್ಜಿ ಅಚ್ಚು ತೆಗೆಯುತ್ತಾಳೆ. ರಟ್ಟೆ ಬಿದ್ದುಹೋಗುತ್ತದೆ. ಸಾಕು ಬಿಡು ಅಂದರೆ ಇನ್ನೂ ಜೋರಾಗಿ ಉಜ್ಜುತ್ತಾಳೆ.